1837ರ ದಂಗೆಯೊಳಗೆ ಒಂದು ಪ್ರೇಮಕಥೆ: ಕೊಡಗಿನಲ್ಲಿ ಯುದ್ಧದ ಚಿತ್ರ ಮಾಡಿದ ನನ್ನ ಅನುಭವ

70 ಲಕ್ಷ ರೂಪಾಯಿಯೊಳಗೆ ಯುದ್ಧದ ಚಿತ್ರ ಆಗುವುದಿಲ್ಲ ಎಂದು ಗಾಂಧಿನಗರದಲ್ಲಿ ಹೇಳಿದವರೂ, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ಅಮರ ಸುಳ್ಯದ ದಂಗೆಯಂಥ ವಿಷಯಕ್ಕೆ ಪ್ರೇಮಕಥೆ ಅಂಟಿಸಿದರೆ ಊರಿನವರು ಸುಮ್ಮನಿರುವುದಿಲ್ಲ ಎಂದು ಮಡಿಕೇರಿಯಲ್ಲಿ ಎಚ್ಚರಿಸಿದವರೂ ಈಗ ಆ ಚಿತ್ರವನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಕ್ಯಾಮೆರಾ, ಲೆನ್ಸು, ಲೈಟುಗಳ ವಿಚಾರವನ್ನು ಈ ಕೆಲಸದಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ನಿಜವಾಗಿ ನಡೆದ ದುರಂತವೊಂದರ ಒಳಗೆ ಕಲ್ಪಿತ ಪ್ರೇಮವನ್ನು ಕೂರಿಸುವಾಗ ಯಾವುದು ಕೆಲಸಕ್ಕೆ ಬಂತು, ಹಣ ಎಲ್ಲೆಲ್ಲಿ ನೀರಾಯಿತು ಎಂಬುದಷ್ಟನ್ನೇ ಬರೆಯುತ್ತೇನೆ.

ಇಡೀ ಚಿತ್ರ ನಿಂತದ್ದು ಎರಡು ಕಾಲಮ್ಮುಗಳ ಒಂದು ಪಟ್ಟಿಯ ಮೇಲೆ. ಎಡಗಡೆಯಲ್ಲಿ ಇತಿಹಾಸದ ದಿನಾಂಕಗಳಿದ್ದವು: 1834ರ ಮೇ 7ರಂದು ಕೊಡಗು ಕಂಪನಿಯ ವಶವಾದದ್ದು, ಆ ಬಳಿಕ ಅಮರ ಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ್ದು, 1837ರ ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆ ದಂಗೆಯವರ ಕೈಸೇರಿದ್ದು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು 13 ದಿನ ಇಟ್ಟುಕೊಂಡದ್ದು, ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು. ಬಲಗಡೆಯಲ್ಲಿ ನಮ್ಮ ಕಥೆ. ಎಡಗಡೆಯ ಒಂದು ಸಾಲನ್ನೂ ಯಾರೂ ಮುಟ್ಟುವಂತಿರಲಿಲ್ಲ. ಎಡಗಡೆಯ ಯಾವುದಾದರೊಂದು ಸಾಲಿನಿಂದ ಹುಟ್ಟದ ಪ್ರೇಮದ ದೃಶ್ಯ, ಎಷ್ಟೇ ಚೆಂದವಿದ್ದರೂ, ಚಿತ್ರಕಥೆಯಲ್ಲಿ ಉಳಿಯುತ್ತಿರಲಿಲ್ಲ. ನಮ್ಮ ಸಂಕಲನಕಾರರು ಮೊದಲ ಭೇಟಿಯಲ್ಲೇ, “ಸಾರ್, ಲವ್ ಸ್ಟೋರಿ ಬೇಕೋ ಹಿಸ್ಟರಿ ಬೇಕೋ, ಒಂದು ಹೇಳಿಬಿಡಿ” ಎಂದಿದ್ದರು. ಸಂಕಲನ ಮುಗಿಯುವ ಹೊತ್ತಿಗೆ ಆ ಪಟ್ಟಿಯ ನಕಲನ್ನು ಅವರೇ ತಮ್ಮ ಗೋಡೆಗೆ ಅಂಟಿಸಿಕೊಂಡಿದ್ದರು.

ಪಟ್ಟಿಯಿಂದ ಆದ ದೊಡ್ಡ ಲಾಭವೆಂದರೆ ಪ್ರೇಮಕ್ಕೆ ಖಳನಾಯಕನನ್ನು ಹುಡುಕುವ ಕೆಲಸ ತಪ್ಪಿದ್ದು. ಹುಡುಗ ಭಾಗಮಂಡಲದ ಕಡೆಯವನು, ಹುಡುಗಿ ಸುಳ್ಯದ ಕಡೆಯವಳು. ಮಾತುಕತೆಯಾದಾಗ ಎರಡೂ ಊರು ಒಂದೇ ರಾಜ್ಯದಲ್ಲಿದ್ದವು. ಮದುವೆಯ ಹೊತ್ತಿಗೆ ನಡುವೆ ಗಡಿ ಬಂದಿತ್ತು. ರಾಜರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪನಿಯು ನಗದಾಗಿ ಕೇಳತೊಡಗಿತು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಅದರ ಹಿಡಿತದಲ್ಲಿತ್ತು. ಹುಡುಗಿಯ ತಂದೆ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಿ, ಅದೂ ಸಾಲದೆ ಮಗಳ ಮದುವೆಗೆಂದು ಕೂಡಿಟ್ಟ ಚಿನ್ನವನ್ನು ಬಿಚ್ಚುವ ದೃಶ್ಯವೊಂದಿದೆ. ಅದರಲ್ಲಿ ಮಾತಿಲ್ಲ. ಸಾಹುಕಾರನ ತಕ್ಕಡಿಯಲ್ಲಿ ಒಂದು ತಟ್ಟೆ ಇಳಿಯುತ್ತದೆ, ಹುಡುಗಿ ಬಾಗಿಲ ಸಂದಿನಿಂದ ನೋಡುತ್ತಾಳೆ, ತಂದೆ ಎಣಿಸಿಕೊಂಡ ನಾಣ್ಯಗಳಲ್ಲಿ ಎರಡನ್ನು ಮರಳಿ ಅವನ ಕೈಗೇ ಕೊಟ್ಟು ಒಂದು ಸೇರು ಉಪ್ಪು ಕೇಳುತ್ತಾನೆ. ಈ ದೃಶ್ಯಕ್ಕೆ ತಗಲಿದ ಖರ್ಚು 10 ಸಾವಿರವನ್ನೂ ಮುಟ್ಟಲಿಲ್ಲ, ಆದರೆ ಸುಳ್ಯದ ಪ್ರದರ್ಶನದಲ್ಲಿ ಜನ ಎದ್ದು ಕುಳಿತದ್ದು ಇಲ್ಲಿಯೇ ಹೊರತು ಯುದ್ಧದಲ್ಲಿ ಅಲ್ಲ.

ಕೊನೆಯ ಭಾಗಕ್ಕೂ ದಾರಿ ತೋರಿಸಿದ್ದು ಪಟ್ಟಿಯೇ. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ ಮಧ್ಯದಲ್ಲಿ, ಗಲ್ಲು ಆ ತಿಂಗಳ ಕೊನೆಯಲ್ಲಿ; ಎರಡರ ನಡುವೆ ಇರುವುದು ಹೆಚ್ಚುಕಡಿಮೆ ಎರಡು ವಾರ. ತೀರ್ಥವನ್ನು ಮನೆಗೆ ತಂದು, ಪ್ರಾಣ ಹೋಗುವವರ ಬಾಯಿಗೆ ಬಿಡಲೆಂದು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಯಾರಿಗೂ ಹೊಸತಲ್ಲ. ಹುಡುಗಿ ಆ ತೀರ್ಥವನ್ನು ಹಿಡಿದು ಮಡಿಕೇರಿಗೆ ನಡೆಯುತ್ತಾಳೆ, ಆದರೆ ಅಷ್ಟರೊಳಗೆ ಅವಳ ಹುಡುಗನನ್ನು ಗಡಿಪಾರು ಮಾಡಿ ಸಮುದ್ರದಾಚೆಗೆ ಸಾಗಿಸಿರುತ್ತಾರೆ. ನಿಜವಾಗಿ ನೇಣಿಗೇರಿದ ಮನುಷ್ಯರ ಪಕ್ಕದಲ್ಲಿ ನಾವು ಕಟ್ಟಿದ ಪಾತ್ರವೊಂದನ್ನು ನೇಣಿಗೇರಿಸುವುದಿಲ್ಲ ಎಂಬುದು ನನ್ನ ಹಟವಾಗಿತ್ತು. ಬೆಂಗಳೂರಿನ ವಿತರಕರೊಬ್ಬರು ಹುಡುಗನನ್ನು ಹಡಗಿನಿಂದ ಹಾರಿಸಿ ಊರಿಗೆ ತಂದರೆ ಮುಂಗಡ ಕೊಡುವುದಾಗಿ ಹೇಳಿ, ನಾನು ಒಪ್ಪದೆ ಹೋದಾಗ ಫೋನೆತ್ತುವುದನ್ನೇ ನಿಲ್ಲಿಸಿದರು.

ಐತಿಹಾಸಿಕ ವ್ಯಕ್ತಿಗಳಿಗೆ ಉದ್ದನೆಯ ಸಂಭಾಷಣೆ ಕೊಡಲಿಲ್ಲ. ಕೊಡಗಿನ ರಾಜಮನೆತನದವನೆನಿಸಿಕೊಂಡ ಕಲ್ಯಾಣಸ್ವಾಮಿಯೆಂದು ಜನ ನಂಬಿ ಹಿಂಬಾಲಿಸಿದ ವ್ಯಕ್ತಿ ಪುಟ್ಟಬಸಪ್ಪನೆಂಬ ಬೇರೊಬ್ಬನೆಂಬುದನ್ನು ಬಲ್ಲವರು ಬಲ್ಲರು. ಚಿತ್ರದಲ್ಲಿ ಆತನನ್ನು ದೂರದಿಂದ, ಪಂಜುಗಳ ನಡುವೆ, ಹುಡುಗ ಕಂಡಷ್ಟೇ ತೋರಿಸಿದ್ದೇವೆ. ದಂಗೆಯನ್ನು ಅಡಗಿಸಲು ಕಂಪನಿಯ ಪರ ನಿಂತ ಕೊಡಗಿನವರಿಗೆ ಪದಕಗಳು ಸಿಕ್ಕಿದ್ದೂ ಇತಿಹಾಸವೇ. ಅದನ್ನು ಮುಚ್ಚಿಡಲಿಲ್ಲ, ಹಾಗೆಂದು ಒಂದು ಜನಾಂಗವನ್ನು ಖಳರನ್ನಾಗಿಸಲೂ ಇಲ್ಲ. ಪದಕ ಪಡೆದ ಮನೆಯ ಅಂಗಳದಲ್ಲಿ ಯಾರೂ ಕುಣಿಯದಂತೆ ನೋಡಿಕೊಂಡೆವು, ಅಷ್ಟೆ. ಆಪ್ತ ಮಾತುಗಳಿಗೆ ಸುಳ್ಯ, ಕೊಡಗಿನ ಗೌಡರ ಮನೆಮಾತಾದ ಅರೆಭಾಷೆಯನ್ನೂ ಉಳಿದುದಕ್ಕೆ ಕನ್ನಡವನ್ನೂ ಬಳಸಿದ್ದನ್ನು ಹಲವರು ವಿರೋಧಿಸಿದರೂ ಪ್ರೇಕ್ಷಕರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ.

ಇನ್ನು ಸ್ಥಳದ ವಿಚಾರ. ಕೊಡಗಿನಲ್ಲಿ 1837ನ್ನು ಚಿತ್ರೀಕರಿಸುವವನಿಗೆ ಕೊಡಗೇ ಅಡ್ಡ ಬರುತ್ತದೆ. ಐರೋಪ್ಯರ ಕಾಫಿ ತೋಟಗಳು ಇಲ್ಲಿ ಎದ್ದದ್ದು 1850ರ ದಶಕದಿಂದ ಈಚೆಗೆ. ನೆರಳಿಗೆಂದು ಬಂದ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಮಂಗಳೂರು ಹೆಂಚಿನ ಕಾರ್ಖಾನೆಗಳು 1860ರ ದಶಕದವು. ಹಾಗಾಗಿ ಯಾವ ಕಡೆ ಕ್ಯಾಮೆರಾ ತಿರುಗಿಸಿದರೂ ತಪ್ಪು ಶತಮಾನ ಕಾಣುತ್ತದೆ. ಗ್ರಾಫಿಕ್ಸಿನಲ್ಲಿ ಅಳಿಸಿಕೊಡುತ್ತೇವೆಂದು ಒಂದು ಸ್ಟುಡಿಯೋ ಕೊಟ್ಟ ಅಂದಾಜು ಪಟ್ಟಿ 20 ಲಕ್ಷವನ್ನು ದಾಟಿತ್ತು. ನಾವು ಗದ್ದೆಯ ಬಯಲು, ಹೊಳೆದಂಡೆ, ಸಂಪಾಜೆ ಕಡೆಯ ಕಾಡಿನ ಅಂಚು, ಇಷ್ಟಕ್ಕೇ ಚಿತ್ರಕಥೆಯನ್ನು ಬಗ್ಗಿಸಿದೆವು. ದೇವರಕಾಡುಗಳು ಚಿತ್ರೀಕರಣಕ್ಕೆ ಎಷ್ಟೇ ಹೇಳಿಮಾಡಿಸಿದಂತಿದ್ದರೂ ಅವುಗಳೊಳಗೆ ಕಾಲಿಡಲಿಲ್ಲ.

ಮನೆಗಾಗಿ ಒಂದು ಹಳೆಯ ಐನ್‌ಮನೆಯನ್ನು (ಕುಟುಂಬದ ಮೂಲಮನೆಯನ್ನು) ಗೊತ್ತುಮಾಡಿ, ಮುಂಭಾಗದ ಹೆಂಚಿನ ಮೇಲೆಯೇ ಬಿದಿರಿನ ಗಳುಗಳನ್ನು ಕಟ್ಟಿ ಭತ್ತದ ಹುಲ್ಲು ಹೊದಿಸಿದೆವು. ಆ ಮನೆಯ ಹಿರಿಯರು, “ಹುಲ್ಲು ಹೊದಿಸುವುದು ಸರಿ ಮಗಾ, ಒಂದು ಕಿಡಿ ಬಿದ್ದರೆ ಯಾರು ಜವಾಬ್ದಾರಿ?” ಎಂದು ಕೇಳಿದ್ದರಿಂದ ಪಂಜಿನ ದೃಶ್ಯಗಳನ್ನೆಲ್ಲ ಬೇರೆ ಕಡೆ ತೆಗೆದೆವು. ಹುಲ್ಲು, ಕೂಲಿ, ಸಾಗಣೆ ಸೇರಿ ಸುಮಾರು 1 ಲಕ್ಷ 40 ಸಾವಿರ ಆಯಿತು. ಕೆಲಸ ಮುಗಿದ ಮೇಲೆ ಅದೇ ಹುಲ್ಲನ್ನು ದನ ಸಾಕುವವರಿಗೆ ಮಾರಿದ್ದರಿಂದ 15 ಸಾವಿರದಷ್ಟು ಹಿಂದಕ್ಕೆ ಬಂತು.

ದೊಡ್ಡ ಪೆಟ್ಟು ಬಿದ್ದದ್ದು ಕೋಟೆಯ ಸೆಟ್ಟಿನಲ್ಲಿ. ಮಡಿಕೇರಿ ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಒಂದು ಮೊಳೆ ಹೊಡೆಯುವಂತಿಲ್ಲ. ಒಳಗಿನ ಇಗರ್ಜಿಯೂ ದಂಗೆಯ ಕಾಲಕ್ಕಿಂತ ಈಚಿನದು. ಆದ್ದರಿಂದ ಪರಿಚಿತರ ತೋಟದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಪ್ಲೈವುಡ್ಡಿನಿಂದ ಹೆಬ್ಬಾಗಿಲನ್ನೂ ಗೋಡೆಯ ಒಂದು ತುಂಡನ್ನೂ ಕಟ್ಟಿಸಿದೆವು. ಖರ್ಚು ಸುಮಾರು 9 ಲಕ್ಷ. ಬಣ್ಣ ಒಣಗುವ ಮೊದಲೇ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿತ್ತು. ಇಡೀ ಜಿಲ್ಲೆ ವರ್ಷವಿಡೀ ಕಾಯುವ ಮಳೆಯದು. ತೋಟದವರು ಒಬ್ಬರಿಗೊಬ್ಬರು ಫೋನು ಮಾಡಿ ಎಷ್ಟು ಸೆಂಟು (ಇಂಚಿನ ನೂರನೆಯ ಒಂದು ಪಾಲು) ಮಳೆ ಬಿತ್ತೆಂದು ಸಂಭ್ರಮದಿಂದ ವಿಚಾರಿಸುತ್ತಿದ್ದಾಗ ನಮ್ಮ ಕೋಟೆಯ ಬಾಗಿಲು ಕಣದ ತುಂಬ ಗಂಜಿಯಾಗಿ ಹರಿದಿತ್ತು. ಹಣ ಹೂಡುತ್ತೇನೆಂದಿದ್ದವರಲ್ಲಿ ಒಬ್ಬರು ಅದೇ ವಾರ ಹಿಂದೆ ಸರಿದರು. ಬಾಗಿಲನ್ನು ಮತ್ತೆ ಕಟ್ಟಿಸಲು ಕೈಯಲ್ಲಿ ಕಾಸಿರಲಿಲ್ಲ, ಗಲ್ಲಿನ ದೃಶ್ಯವನ್ನು ಕೈಬಿಡುವ ಹಾಗೂ ಇರಲಿಲ್ಲ. ಕೊನೆಗೆ ಕಲ್ಲಿನ ಒಂದು ಹಳೆಯ ಕಟ್ಟೆಯ ಮುಂದೆ ಜನರನ್ನು ನಿಲ್ಲಿಸಿ, ಬಾಗಿಲು ತೆರೆಯುವ ಸದ್ದನ್ನಷ್ಟೇ ಕೇಳಿಸಿ, ಹುಡುಗಿಯ ಮುಖದ ಮೇಲೆ ಬೆಳಕು ಬದಲಾಗುವುದನ್ನು ತೋರಿಸಿದೆವು. 9 ಲಕ್ಷದ ಬಾಗಿಲಿಗಿಂತ ಇದು ಉತ್ತಮವಾಗಿದೆ ಎಂದು ಛಾಯಾಗ್ರಾಹಕರು ಈಗಲೂ ವಾದಿಸುತ್ತಾರೆ. ಹಣ ಕಳೆದುಕೊಂಡವನು ನಾನಾದ್ದರಿಂದ ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಕೋವಿಯ ವಿಷಯದಲ್ಲಿ ನಮ್ಮ ಜಿಲ್ಲೆಯಿಂದ ಅನುಕೂಲವೂ ಆಯಿತು, ಪೇಚೂ ಆಯಿತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯವರಿಗೂ ಕೋವಿ ಪರವಾನಗಿಯ ವಿನಾಯಿತಿ ಇರುವುದರಿಂದ ಇಲ್ಲಿಯ ಸಹ ಕಲಾವಿದರಿಗೆ ಕೋವಿ ಹಿಡಿಯುವುದನ್ನು ಕಲಿಸಬೇಕಾಗಿಲ್ಲ. ಪೇಚೇನೆಂದರೆ ಅವರು ತೋಟಾ ಕೋವಿಯ ಅಭ್ಯಾಸದಲ್ಲಿ ಒಂದರ ಹಿಂದೊಂದು ಹೊಡೆಯುತ್ತಾರೆ, ಜೊತೆಗೆ ಮನೆಯ ಕೋವಿಯನ್ನೇ ತರುತ್ತೇನೆಂದು ಹೊರಡುತ್ತಾರೆ. ಸೆಟ್ಟಿನಲ್ಲಿ ನಿಜವಾದ ಒಂದು ಕೋವಿಯೂ ಇರಕೂಡದೆಂದು ಮೊದಲ ದಿನವೇ ಹೇಳಿ, ಹಲಸಿನ ಮರದ ಹಿಡಿ ಮತ್ತು ಕಬ್ಬಿಣದ ಕೊಳವೆಯಿಂದ ಚಕಮಕಿ ಕೋವಿಯ ಪ್ರತಿರೂಪಗಳನ್ನು ಮಾಡಿಸಿದೆವು. ಒಂದಕ್ಕೆ 2,200 ರೂಪಾಯಿಯ ಆಸುಪಾಸು ಬಿತ್ತು. ಪಳಗಿದ ಸಿಪಾಯಿಯೂ ಆ ಕೋವಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಮೂರು ಗುಂಡು ಹೊಡೆಯಬಲ್ಲ. ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿಯುವ ಆ 20 ಸೆಕೆಂಡುಗಳನ್ನು ಬೇರೆಯವರು ಕತ್ತರಿಸಿ ಎಸೆಯುತ್ತಾರೆ. ನಾನು ಹುಡುಗನ ನೆನಪುಗಳನ್ನೆಲ್ಲ ಆ ಬಿಡುವಿನೊಳಗೇ ತುರುಕಿದೆ. ಯುದ್ಧವನ್ನು ನಿಲ್ಲಿಸಿ ಪ್ರೇಮಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ.

ಸದ್ದಿಗಾಗಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಧ್ವನಿಮುದ್ರಿಸಿಕೊಂಡು ಬಂದೆವು. ಅದು ಚುರುಕಾಗಿ ಒಡೆಯುವ ಸದ್ದು, ಹಳೆಯ ಕೋವಿಯದಲ್ಲ. ಹಸಿ ಬಿದಿರನ್ನು ಬೆಂಕಿಗೆ ಹಾಕಿ ಸಿಡಿಸಿ ನೋಡಿದೆವು. ಗೆಣ್ಣು ಯಾವಾಗ ಸಿಡಿಯುತ್ತದೆಂದು ಹೇಳಲಾಗದೆ ಧ್ವನಿ ವಿಭಾಗದವರು ಒಂದು ರಾತ್ರಿಯಿಡೀ ಒಲೆಯ ಮುಂದೆ ಕುಳಿತಿದ್ದರು. ಫಿರಂಗಿಗೆ ಸರಿಹೊಂದಿದ್ದು ಘಟ್ಟದ ಕೆಳಗಿನ ಜಾತ್ರೆಯೊಂದರ ಗರ್ನಾಲಿನ (ದೊಡ್ಡ ಸದ್ದಿನ ಸಿಡಿಮದ್ದಿನ) ಸದ್ದು. ಕೋವಿಗೆ ಎರಡು ಬೇರೆ ಬೇರೆ ಸದ್ದುಗಳನ್ನು ಒಂದು ನಿರ್ದಿಷ್ಟ ಅಂತರದಲ್ಲಿ ಜೋಡಿಸಿದ್ದೇವೆ. ಯಾವ ಎರಡು, ಎಷ್ಟು ಅಂತರ ಎಂಬುದು ನಮ್ಮ ಬಳಿಯೇ ಇರಲಿ.

ಬಟ್ಟೆಯಲ್ಲಿಯೂ ಹೀಗೆಯೇ ಪ್ರಯೋಗಗಳು ನಡೆದವು. ಹೊಸ ಬಟ್ಟೆಯನ್ನು ಹಳತು ಮಾಡಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನಲ್ಲಿ ನೆನೆಸಿದಾಗ ಬಣ್ಣವೇನೋ ಬಂತು, ಆದರೆ ಆ ವಾಸನೆಗೆ ನೊಣಗಳು ಮುತ್ತಿ ಕಲಾವಿದರು ಉಡುವುದಿಲ್ಲವೆಂದರು. ಬಳಿಕ ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದೆವು; ಮಣ್ಣು, ಬೆವರು, ಹಳೆಯ ರಕ್ತದ ಕಲೆ ಎಲ್ಲಕ್ಕೂ ಅದೊಂದೇ ಸಾಕಾಯಿತು. ಕುದುರೆಗಳು ಮೈಸೂರಿನಿಂದ ಬಂದವು. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಗೆ ಮೊದಲೇ ಅರ್ಜಿ ಹಾಕದವರು ಸೆನ್ಸಾರ್ ಹೊತ್ತಿಗೆ ಪರದಾಡುತ್ತಾರೆ ಎಂಬುದನ್ನು ನೆನಪಿನಲ್ಲಿಡಿ. ನಾಲ್ಕೇ ಕುದುರೆಗಳಿದ್ದವು, ಘಟ್ಟದ ಕಾಲುದಾರಿಯಲ್ಲಿ ಅದಕ್ಕಿಂತ ಹೆಚ್ಚು ಒಟ್ಟಿಗೆ ಕಾಣಲೂ ಆಗುವುದಿಲ್ಲ.

ಜನಸಂದಣಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಒಮ್ಮೆಗೆ 60 ಜನರಿಗಿಂತ ಹೆಚ್ಚಿರಲಿಲ್ಲ; ಬಾಟಾ (ದಿನಭತ್ಯೆ), ಊಟ ಸೇರಿ ತಲೆಗೆ ದಿನಕ್ಕೆ 900 ರೂಪಾಯಿ ಹತ್ತಿರ ಆಗುತ್ತಿತ್ತು. ಬಯಲಿನಲ್ಲಿ ಅಷ್ಟು ಜನ ಏನೇನೂ ಅಲ್ಲ. ಆದರೆ ಹಿಂದಿನವರು ರಕ್ಷಣೆಗೆಂದು ತೋಡಿದ ಕಂದಕಗಳು, ಅಂದರೆ ಕಡಂಗಗಳು, ನಮ್ಮ ಕಡೆ ಇನ್ನೂ ಉಳಿದಿವೆ. ಆಳೆತ್ತರಕ್ಕೂ ಮೀರಿದ ಎರಡು ದಂಡೆಗಳ ನಡುವೆ 60 ಜನ ನುಗ್ಗಿದರೆ ದಂಡಿನ ತುದಿಯೇ ಕಾಣುವುದಿಲ್ಲ. ಮುಂದೆ ಹೋದವರು ಮೇಲೆ ಹತ್ತಿ, ಸುತ್ತಿ ಬಂದು, ತಲೆವಸ್ತ್ರ ಬದಲಿಸಿ ಮತ್ತೆ ಹಿಂದಿನಿಂದ ಸೇರಿಕೊಳ್ಳುತ್ತಿದ್ದರು. ಮಂಜಿಲ್ಲದ ದಿನ ಹೊಗೆ ಬೇಕಾಗುತ್ತಿತ್ತು. ಯಂತ್ರದ ಹೊಗೆ ಗಾಳಿಗೆ ನಿಲ್ಲದೆ ಬಾಡಿಗೆ ದಂಡವಾಯಿತು. ನಾವು ಸುಟ್ಟದ್ದು ಎಲ್ಲ ತೋಟಗಳಲ್ಲೂ ಪುಕ್ಕಟೆ ಸಿಗುವ ವಸ್ತು, ಅದರ ಹೆಸರನ್ನು ಮುಂದಿನ ಚಿತ್ರ ಮುಗಿಯುವವರೆಗೆ ಹೇಳುವುದಿಲ್ಲ.

ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ಈ ವಿಷಯದಲ್ಲಿ ಜನರ ಆಸಕ್ತಿ ಹೆಚ್ಚಿದ್ದು ನಮಗೆ ನೆರವಾಯಿತು. ಮಲ್ಟಿಪ್ಲೆಕ್ಸಿನಲ್ಲಿ ಬೆಳಗಿನ ಒಂದೇ ಆಟ ಕೊಟ್ಟು ವಾರದೊಳಗೆ ಎತ್ತಿಬಿಟ್ಟಾಗ, ನಾವೇ ಪ್ರೊಜೆಕ್ಟರ್ ಹಿಡಿದು ಸುಳ್ಯ, ಪುತ್ತೂರು, ಮಡಿಕೇರಿ, ಸೋಮವಾರಪೇಟೆ, ಕುಶಾಲನಗರಗಳ ಸಭಾಂಗಣಗಳಲ್ಲಿ 100 ರೂಪಾಯಿ ಟಿಕೆಟಿಗೆ ತೋರಿಸಿದೆವು. ಬಾಡಿಗೆ, ಡೀಸೆಲ್ ಕಳೆದು 31 ಲಕ್ಷದಷ್ಟು ಉಳಿಯಿತು. ಓಟಿಟಿಯ ಹಕ್ಕು ಮಾರಿದ್ದರಿಂದ ಇನ್ನೊಂದು 22 ಲಕ್ಷ ಬಂತು. ಸರ್ಕಾರದ ಸಹಾಯಧನದ ಅರ್ಜಿ ಕಡತದಲ್ಲಿದೆ. ಉಳಿದ ಸಾಲದಲ್ಲಿ ಒಂದು ಪಾಲನ್ನು ಈ ಸಲದ ಕರಿಮೆಣಸು ಮಾರಿ ತೀರಿಸಿದ್ದೇನೆ, ಇನ್ನೊಂದಕ್ಕೆ ಬಡ್ಡಿ ಕಟ್ಟುತ್ತಿದ್ದೇನೆ, ಮತ್ತು ಹಲಸಿನ ಹಿಡಿಯ ಆ ಕೋವಿಗಳು ಬೇಕಾದವರಿಗೆ ದಿನದ ಬಾಡಿಗೆಗೆ ಸಿಗುತ್ತವೆ.