ಬಿಡಿಸಿದ ಅಕ್ರೋಟು ಕಮಟು ಹಿಡಿಯದಂತೆ ಇಡುವುದು ಹೇಗೆ?

ಅಕ್ರೋಟು ಅಂದರೆ ವಾಲ್‌ನಟ್, ನಮ್ಮ ಧಾರವಾಡ ಸೀಮೆಯ ಬೆಳೆಯಲ್ಲ. ಕಾಶ್ಮೀರದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೊಯ್ಲಾಗಿ, ಒಣಗಿ, ಆಮೇಲೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಬರುತ್ತದೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಗ್ಯಾಸ್ ಒಲೆ ಪಕ್ಕದ ಡಬ್ಬಿಗೆ ಸುರಿದರೆ ಏಪ್ರಿಲ್ ಬಿಸಿಲಿಗೆ ಕಹಿಯಾಗದೆ ಇನ್ನೇನಾಗುತ್ತದೆ?

ಕಾರಣ ಎಣ್ಣೆ. 100 ಗ್ರಾಂ ತಿರುಳಿನಲ್ಲಿ ಸುಮಾರು 65 ಗ್ರಾಂ ಕೊಬ್ಬೇ ಇದೆ, ಅದರಲ್ಲೂ ಜಾಸ್ತಿ ಪಾಲು ಗಾಳಿ ತಾಗಿದರೆ ಬೇಗ ಕೆಡುವ ಜಾತಿಯದು. ಚಿಪ್ಪು ಒಡೆದ ಮೇಲೆ ತಿರುಳಿಗೆ ಉಳಿಯುವ ಕಾಪು ಆ ತೆಳು ಕಂದು ಸಿಪ್ಪೆ ಮಾತ್ರ. ಅದಕ್ಕೇ ಚೂರು ಕೊಳ್ಳಬೇಡಿ, ಇಡೀ ಅರ್ಧ ಹೋಳುಗಳನ್ನೇ ಕೇಳಿ ತನ್ನಿ.

ಮೊದಲು ಒಂದು ಹೋಳು ಮುರಿದು ನೋಡಿ. ಟಕ್ ಅಂತ ಮುರಿದರೆ ಸರಿ. ಮೆತ್ತಗೆ ಬಾಗಿದರೆ ಇನ್ನೂ ಪಸೆ ಇದೆ ಅಂತ ಅರ್ಥ, ನೆರಳಲ್ಲಿ ಬಟ್ಟೆ ಮೇಲೆ ಹರಡಿ ಫ್ಯಾನ್ ಹಾಕಿ ಒಣಗಿಸಿ. ಶೇಂಗಾ ಒಣಗಿಸಿದಂತೆ ಮಾಳಿಗೆ ಬಿಸಿಲಿಗೆ ಹಾಕಬೇಡಿ, 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಣ್ಣೆ ಬೇಗ ಕೆಡುತ್ತದೆ. ಹುರಿಯುವುದೂ ತಿನ್ನುವ ಹೊತ್ತಿಗೇ, ಹುರಿದು ಇಟ್ಟರೆ ಇನ್ನೂ ಬೇಗ ಹಳಸುತ್ತದೆ.

ಆಮೇಲೆ ವಾರಕ್ಕೆ ಬೇಕಾದಷ್ಟನ್ನು ಒಂದೊಂದು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಈ ಡಬ್ಬಿ ವಿಷಯದಲ್ಲಿ ಸಡಿಲ ಬಿಡಬೇಡಿ. ಅಕ್ರೋಟು ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ, ಫ್ರಿಜ್‌ನಲ್ಲಿ ಪಕ್ಕಕ್ಕೆ ಹೆಚ್ಚಿದ ಉಳ್ಳಾಗಡ್ಡಿ ಇದ್ದರೆ ನಾಳೆ ಪಾಯಸದಲ್ಲೂ ಅದೇ ವಾಸನೆ ಬಂದೀತು, ಬೇಕಾ ಅದು? ಫ್ರಿಜ್‌ನಲ್ಲಿ ಆರು ತಿಂಗಳು, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ವರ್ಷದವರೆಗೆ ರುಚಿ ನಿಲ್ಲುತ್ತದೆ. ಫ್ರೀಜರ್‌ನಲ್ಲಿ ಕೆಲವು ದಿನ ಇದ್ದರೆ ಹುಳದ ಮೊಟ್ಟೆಗಳೂ ಸಾಯುತ್ತವೆ.

ಹೊರಗೆ ತೆಗೆದ ಚೀಲವನ್ನು ಕೂಡಲೇ ಬಿಚ್ಚಬೇಡಿ. ತಣ್ಣನೆ ಹೋಳಿನ ಮೇಲೆ ನೀರು ಕೂರುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ತಣುವು ಪೂರ್ತಿ ಹೋಗಲಿ, ಆಮೇಲೆ ಬಿಚ್ಚಿ.

ಹಳೇ ಪೇಂಟ್‌ನಂಥ ವಾಸನೆ ಬಂದರೆ ಎಸೆಯಿರಿ. ಬೂಷ್ಟು ಕಂಡರೆ ಚೆನ್ನಾಗಿರುವ ಹೋಳು ಆರಿಸುತ್ತಾ ಕೂರಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ.