ಹಸುವಿನ ಕಸ, ಅಕ್ಕನ ಜ್ವರ

ಕೋಲಾರ ಕಡೆಯ ಹಳ್ಳಿಯೊಂದರಲ್ಲಿ ಪಶುವೈದ್ಯನಾಗಿದ್ದಾಗಿನ ಮಾತು. ಬೆಳಿಗ್ಗೆ ಆರಕ್ಕೇ ಫೋನು. "ಸಾರ್, ಎಚ್‌ಎಫ್ ಸೀಮೆಹಸು ಏಳು ತಿಂಗಳಿಗೇ ಕಂದು ಹಾಕಿಬಿಟ್ಟಿದೆ. ಕಸಾನೂ ಪೂರ್ತಿ ಬಿದ್ದಿಲ್ಲ." ಕಂದು ಹಾಕುವುದು ಅಂದರೆ ಗರ್ಭಪಾತ, ಕಸ ಅಂದರೆ ಕರುವಿನ ಹಿಂದೆ ಬೀಳುವ ಮಾಸು. ಅದೇ ಕೊಟ್ಟಿಗೆಯಲ್ಲಿ ಮೂರು ತಿಂಗಳ ಹಿಂದೆ ಇನ್ನೊಂದು ಹಸುವೂ ಹೀಗೇ ಮಾಡಿತ್ತು. ಜಾರಿ ಬಿದ್ದಿರಬೇಕು, ಇಲ್ಲ ಬೇರೆ ದನ ಹಾಯ್ದಿರಬೇಕು ಅಂತ ಆಗ ಸುಮ್ಮನಾಗಿದ್ದೆ. ತಪ್ಪು ನನ್ನದೇ.

ನಾನು ಹೋಗುವಷ್ಟರಲ್ಲಿ ಮನೆಯ ಅಕ್ಕ ಬರಿಗೈಯಲ್ಲೇ ಅರ್ಧ ಕಸ ಎಳೆದು ಹಾಕಿದ್ದರು. ಸತ್ತ ಕರು ತಿಪ್ಪೆಯ ಮೇಲೆ, ಪಕ್ಕದಲ್ಲೇ ನಾಯಿ. ನಾನು ಭುಜದವರೆಗೆ ಕೈಗವಸು ಏರಿಸುವುದನ್ನು ನೋಡಿ ಅವರಿಗೆ ನಗು.

"ಏನ್ ಸಾರ್, ಹೇಸಿಗೇನಾ?"

"ಹೇಸಿಗೆ ಅಲ್ಲಕ್ಕಾ, ಭಯ."

ಇನ್ನೂ ನಗುತ್ತಲೇ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಕೂತರು. ಆಗ ವಿಚಾರಿಸಿದೆ. ಎರಡು ತಿಂಗಳಿಂದ ಸಂಜೆಯಾದರೆ ಜ್ವರ, ರಾತ್ರಿ ಸೀರೆ ನೆನೆಯುವಷ್ಟು ಬೆವರು, ಕೀಲುನೋವು. ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಅಂತ ಎರಡು ಸಲ ಮಾತ್ರೆ ಕೊಟ್ಟಿದ್ದರಂತೆ. ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಮನೆಯಲ್ಲಿ ದನ ಇದೆಯಾ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ನಾನು ಮಾತ್ರ ಏನು? ಹಿಂದಿನ ಸಲ ಕಸ ತೆಗೆದವರು ಯಾರು ಅಂತ ಕೇಳಿದ್ದೆನಾ?

ಇದು ಕಂದು ರೋಗ, ಬ್ರುಸೆಲ್ಲೋಸಿಸ್. ಕಂದು ಹಾಕಿದ ಹಸುವಿನ ಕಸ, ಲೋಳೆ, ಸತ್ತ ಕರು, ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಕೈಯಲ್ಲಿ ಒಂದು ಗೀರಿದ್ದರೆ ಸಾಕು. ಹಸಿ ಹಾಲಿನಿಂದಲೂ ಬರುತ್ತದೆ. ಕಾಯಿಸಿ ಕುಡಿದರೆ ಆ ಭಯ ಇಲ್ಲ.

ನಾಲ್ಕೂ ಹಸುಗಳ ರಕ್ತ ತೆಗೆದು ರೋಸ್ ಬೆಂಗಾಲ್ ಪರೀಕ್ಷೆ ಮಾಡಿದೆ. ರಕ್ತದ ತಿಳಿ, ಅಂದರೆ ಸೀರಮ್‌ನ ಒಂದು ಹನಿಗೆ ಗುಲಾಬಿ ದ್ರಾವಣದ ಒಂದು ಹನಿ ಬೆರೆಸಿ ನಾಲ್ಕು ನಿಮಿಷ ನೋಡಬೇಕು, ಅಷ್ಟೇ. ಎರಡರದ್ದು ಹರಳು ಹರಳಾಗಿ ಗಂಟು ಕಟ್ಟಿತು, ಅಂದರೆ ರೋಗ ಇದೆ. ಅಕ್ಕನಿಗೆ ತಾಲ್ಲೂಕಿನ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟೆ. ದನದ ಡಾಕ್ಟರ ಚೀಟಿ ಹಿಡಿದು ಮನುಷ್ಯರ ಡಾಕ್ಟರ ಹತ್ತಿರ ಹೋಗಲು ಅವರಿಗೆ ನಾಚಿಕೆ. ಅಲ್ಲೂ ರೋಗ ಖಚಿತವಾಯಿತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಆರು ವಾರ. ಮೂರನೇ ವಾರಕ್ಕೇ ಜ್ವರ ನಿಂತಿತು ಅಂತ ಮಾತ್ರೆ ಬಿಡಲು ಹೊರಟಿದ್ದರು. ಚೆನ್ನಾಗಿ ಬೈದೆ.

ಕಷ್ಟವಾದದ್ದು ಹಸುಗಳ ವಿಷಯ. ಅವಕ್ಕೆ ಔಷಧಿ ಕೊಟ್ಟು ವಾಸಿ ಮಾಡುವ ದಾರಿ ಇಲ್ಲ. ಕೆಲವು ದೇಶಗಳಲ್ಲಿ ಅಂಥ ದನ ಕೊಂದು ರೋಗ ತೊಲಗಿಸಿದರು. ನಮ್ಮಲ್ಲಿ ಅದು ಆಗುವ ಮಾತಲ್ಲ. ಯಜಮಾನರು "ಸಂತೆಗೆ ಹೊಡೆದುಬಿಡ್ತೀನಿ ಸಾರ್" ಅಂದರು. ಕೊಂಡವನ ಮನೆಯಲ್ಲೂ ಕಸ ತೆಗೆಯೋ ಒಬ್ಬ ಹೆಂಗಸು ಇರ್ತಾಳೆ ಅಲ್ವಾ ಅಂದೆ. ಅವರು ಮಾತಾಡಲಿಲ್ಲ. ಕರುವನ್ನೂ ಕಸವನ್ನೂ ಸುಣ್ಣ ಹಾಕಿ ಆಳವಾಗಿ ಹೂತೆವು. ಎರಡು ಹಸುಗಳನ್ನು ಬೇರೆ ಕಟ್ಟಿಸಿದೆ. ಒಂದು ಇವತ್ತಿಗೂ ಇದೆ. ಇನ್ನೊಂದು ಆ ದೀಪಾವಳಿಯ ಹೊತ್ತಿಗೆ ಕಾಣಲಿಲ್ಲ. ಕೇಳಿದರೆ ಯಜಮಾನರು ಮಳೆಯ ಮಾತು ತೆಗೆದರು.

2019ರಲ್ಲಿ ಕೇಂದ್ರದ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಉಚಿತ. ಜೀವಕ್ಕೆ ಒಂದೇ ಸಲ. ಆ ಮನೆಗೆ ಲಸಿಕೆಗೆ ಹೋದಾಗ ಕರು ಹಿಡಿದುಕೊಂಡಿದ್ದವರು ಅಕ್ಕನೇ. ಕನ್ನಡಕ, ಕೈಗವಸು ಎಲ್ಲ ಯಾಕೆ ಅಂತ ಕೇಳಿದರು. "ಇದರೊಳಗಿರೋದು ಜೀವಂತ ರೋಗಾಣು ಅಕ್ಕಾ. ಸೂಜಿ ನನಗೆ ಚುಚ್ಚಿದರೆ ನಿಮ್ಮ ಜ್ವರ ನನಗೆ."

ಅಕ್ಕ ಕರುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ನಿಧಾನ ಸಾರ್, ನಿಧಾನ."