ಕಿತ್ತಳೆ, ನಿಂಬೆ, ಗಾಣದ ಎಣ್ಣೆ: ನಮ್ಮನೆಯ ಸಲಾಡ್ ಡ್ರೆಸಿಂಗ್

ಮಗಳು ಹಾಸ್ಟೆಲ್‌ನಿಂದ ವಾಪಸ್ ಬರುವಾಗ ಸಲಾಡ್ ತಿನ್ನುವ ಅಭ್ಯಾಸವನ್ನೂ ಕಟ್ಟಿಕೊಂಡು ಬಂದಳು. ಮೊದಲ ವಾರ ಅಂಗಡಿಯಿಂದ ಒಂದು ಬಾಟಲಿ ಡ್ರೆಸಿಂಗ್ ತಂದೆವು. ಬಳಸಿದ್ದು ನಾಲ್ಕು ಚಮಚ. ಉಳಿದದ್ದು ಆರು ತಿಂಗಳು ಫ್ರಿಜ್ಜಿನ ಬಾಗಿಲಲ್ಲಿ ಕೂತು ಕಸಕ್ಕೆ ಹೋಯಿತು. ಸಿಹಿ ಜಾಸ್ತಿ, ಹಣ್ಣಿನ ವಾಸನೆ ಹೆಸರಿಗಷ್ಟೇ. ಅಲ್ಲಿಂದ ಮುಂದೆ ಮನೆಯಲ್ಲೇ ಮಾಡುತ್ತಿದ್ದೇನೆ.

ಕೋಸಂಬರಿ ಮಾಡಲು ಬರುವವರಿಗೆ ಇದು ಅರ್ಧ ಬಂದ ಹಾಗೆಯೇ. ಅಲ್ಲೂ ನಿಂಬೆ, ಉಪ್ಪು, ಎಣ್ಣೆ, ಸಾಸಿವೆ ತಾನೇ? ಅಲ್ಲಿ ಎಣ್ಣೆ ಕಾಯಿಸಿ ಒಗ್ಗರಣೆ ಹಾಕುತ್ತೇವೆ. ಇಲ್ಲಿ ಹಸಿ ಎಣ್ಣೆಯನ್ನೇ ರಸದ ಜೊತೆ ಒಂದಾಗುವ ಹಾಗೆ ಕುಲುಕುತ್ತೇವೆ.

ಬೇಕಾಗುವುದು ಇಷ್ಟು. ಎರಡು ಸಣ್ಣ ನಿಂಬೆಹಣ್ಣು, ಅಂದರೆ 2 ಟೇಬಲ್ ಚಮಚ ರಸ. ಒಂದು ಕಿತ್ತಳೆಯಿಂದ ಅಷ್ಟೇ ರಸ, ಜೊತೆಗೆ ಅದರ ಸಿಪ್ಪೆಯ ತುರಿ ಅರ್ಧ ಟೀ ಚಮಚ. ಎಣ್ಣೆ 5 ಟೇಬಲ್ ಚಮಚ. ಸಾಸಿವೆ ಪುಡಿ ಅರ್ಧ ಟೀ ಚಮಚ, ಜೇನುತುಪ್ಪ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಕುಟ್ಟಿದ ಎಂಟು ಕಾಳು ಮೆಣಸು. ನಾಲ್ಕು ಜನರಿಗೆ ಎರಡು ಹೊತ್ತಿಗೆ ಸಾಕು.

ಮೊದಲು ಸಾಸಿವೆ ಪುಡಿಗೆ ಒಂದು ಟೀ ಚಮಚ ತಣ್ಣೀರು ಕಲಸಿ ಹತ್ತು ನಿಮಿಷ ಬಿಡಿ. ಈ ಹಂತ ತಪ್ಪಿಸಬೇಡಿ. ಸಾಸಿವೆಯ ಘಾಟು ಹುಟ್ಟುವುದೇ ನೀರು ಸೋಕಿದ ಮೇಲೆ. ನೇರವಾಗಿ ನಿಂಬೆರಸಕ್ಕೆ ಹಾಕಿದರೆ ಹುಳಿ ಆ ಘಾಟನ್ನು ಏಳಲು ಬಿಡುವುದಿಲ್ಲ, ಬರೀ ಕಹಿ ಉಳಿಯುತ್ತದೆ. ನಾನು ಸಾಗರದ ಕಡೆಯವಳು. ಸಾಸ್ಮೆಗೆ ಹಸಿ ಸಾಸಿವೆ ಅರೆದು ಹಾಕುವುದನ್ನು ನೋಡುತ್ತಲೇ ಬೆಳೆದವಳು, ಆದರೂ ಇದು ಹೊಳೆಯಲು ಮೂರು ಸಲ ಕೆಡಿಸಬೇಕಾಯಿತು. ಸಾಸಿವೆಗೆ ಇನ್ನೊಂದು ಕೆಲಸವೂ ಇದೆ. ಎಣ್ಣೆ ಮತ್ತು ರಸ ಬೇಗ ಬೇರೆಯಾಗದ ಹಾಗೆ ಹಿಡಿದಿಡುವುದು ಅದೇ.

ಅದು ನೆನೆಯುವಾಗ ಕಿತ್ತಳೆ ಸಿಪ್ಪೆ ತುರಿಯಿರಿ. ಅಂಗಡಿ ಹಣ್ಣಿಗೆ ಮೇಣ ಬಳಿದಿರಬಹುದು, ಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು ಒರೆಸಿ. ಶಾಲೆಯಲ್ಲಿ ಕಿತ್ತಳೆ ಸಿಪ್ಪೆ ಮಡಚಿ ಪಕ್ಕದವರ ಕಣ್ಣಿಗೆ ಚಿಮ್ಮಿಸುತ್ತಿದ್ದೆವಲ್ಲ? ಆ ಉರಿಯುವ ಹನಿಯೇ ನಮಗೆ ಬೇಕಾದದ್ದು. ಹಣ್ಣಿನ ಘಮವೆಲ್ಲ ಸಿಪ್ಪೆಯ ಆ ಎಣ್ಣೆಯಲ್ಲಿರುತ್ತದೆ, ರಸದಲ್ಲಿ ಅಷ್ಟಿಲ್ಲ. ಶುಂಠಿ ತುರಿಯುವ ಸಣ್ಣ ತೂತಿನ ಕಡೆ ಹಗುರಾಗಿ ಎರಡು ಎಳೆತ ಸಾಕು. ಬಿಳಿ ಭಾಗ ಕಾಣಿಸಿತೋ, ಹಣ್ಣು ತಿರುಗಿಸಿ. ಬಿಳಿ ಕಹಿ. ಸಡಿಲ ಸಿಪ್ಪೆಯ ಕೊಡಗಿನ ಕಿತ್ತಳೆ ಸಿಕ್ಕರೆ ಘಮ ಚೆನ್ನಾಗಿರುತ್ತದೆ, ಆದರೆ ತುರಿಯುವಾಗ ಸಿಪ್ಪೆ ಜಾರುತ್ತದೆ, ಬೆರಳು ಜೋಪಾನ.

ನಿಂಬೆ ಹಿಂಡುವಾಗ ಬೀಜ ಜಜ್ಜಬಾರದು. ಕೊನೇ ಹನಿಗೂ ಜೀವ ಬಿಡಬೇಡಿ. ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಪಾತ್ರೆ ಬೇಡ, ಗಾಜು ಅಥವಾ ಸ್ಟೀಲ್ ಇರಲಿ.

ಈಗ ಖಾಲಿ ಜಾಮ್ ಬಾಟಲಿಗೆ ಎರಡೂ ರಸ ಸುರಿದು ಉಪ್ಪು ಹಾಕಿ ಅಲ್ಲಾಡಿಸಿ. ಎಣ್ಣೆ ಇನ್ನೂ ಬೇಡ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೊದಲೇ ಎಣ್ಣೆ ಸುರಿದರೆ ಉಪ್ಪು ಬೇಗ ಕರಗದೆ ಹರಳಾಗಿ ತಳದಲ್ಲೇ ಕೂತಿರುತ್ತದೆ. ಉಪ್ಪು ಕರಗಿದ ಮೇಲೆ ಸಾಸಿವೆ, ಜೇನುತುಪ್ಪ, ಮೆಣಸು, ಸಿಪ್ಪೆ ತುರಿ. ಎಲ್ಲ ಬೆರೆತ ಮೇಲೆ ಎಣ್ಣೆ. ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಂಡು ಮೂವತ್ತು ಎಣಿಸುವವರೆಗೆ ಜೋರಾಗಿ ಕುಲುಕಿ. ಒಮ್ಮೆ ನಾನು ನೋಡಿಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ಇಡೀ ತಿಂಗಳು ಎಣ್ಣೆ ಕಲೆ ಇತ್ತು. ಸರಿಯಾಗಿ ಬಂದರೆ ಮಸುಕು ಹಳದಿಯಾಗಿ, ತೆಳು ಮಜ್ಜಿಗೆಹುಳಿಯಷ್ಟು ಮಂದವಾಗಿರುತ್ತದೆ.

ಯಾವ ಎಣ್ಣೆ? ನಾನು ಗಾಣದ ಕಡಲೆಕಾಯಿ ಎಣ್ಣೆ ಹಾಕುತ್ತೇನೆ. ಅದರ ವಾಸನೆ ಜಾಸ್ತಿ ಅನ್ನಿಸಿದರೆ ಅರ್ಧ ಸೂರ್ಯಕಾಂತಿ ಎಣ್ಣೆ ಸೇರಿಸಿ. ಆಲಿವ್ ಎಣ್ಣೆ ಮನೆಯಲ್ಲಿದ್ದರೆ ಅದೂ ಸೈ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಒಂದು ಡಿಸೆಂಬರ್‌ನಲ್ಲಿ ಪ್ರಯೋಗ ಮಾಡಿದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದಲ್ಲ, ತಣ್ಣನೆಯ ಸೌತೆಕಾಯಿ ಮೇಲೆ ಬಿದ್ದದ್ದೇ ಮೇಣದ ಚೂರಾಯಿತು. ನಮ್ಮನೆಯವರು ತಟ್ಟೆ ನೋಡಿ, "ಇದೇನು, ಮೇಣದಬತ್ತಿ ತುರಿದಿದ್ದೀಯಾ?" ಅಂದರು.

ಹೊರದೇಶದ ಪಾಕವಿಧಾನಗಳಲ್ಲಿ ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ ಅಂತಿರುತ್ತದೆ. ನನಗೆ ಅಷ್ಟು ಎಣ್ಣೆ ಬಾಯಿಗೆ ಅಂಟುತ್ತದೆ. ಅದಕ್ಕೇ ನಿಂಬೆಗೆ ಕಿತ್ತಳೆ ಬೆರೆಸಿದ್ದು. ಕಿತ್ತಳೆಯ ಹುಳಿ ಮೆತ್ತಗೆ, ಹಾಗಾಗಿ ಕಡಿಮೆ ಎಣ್ಣೆಯಲ್ಲೂ ಹಲ್ಲು ಜುಮ್ ಅನ್ನುವುದಿಲ್ಲ. ಇನ್ನೊಂದು ವಿಷಯ, ಅವರ ದೊಡ್ಡ ಹಳದಿ ಲೆಮನ್ ಬೇರೆ, ನಮ್ಮ ತೆಳು ಸಿಪ್ಪೆಯ ನಿಂಬೆ ಬೇರೆ. "ಒಂದು ಲೆಮನ್" ಅಂತ ಬರೆದಿದ್ದರೆ ಹಣ್ಣು ಎಣಿಸಬೇಡಿ, ರಸ ಅಳೆಯಿರಿ. ನಮ್ಮಲ್ಲೂ ಇಂಡಿ ಕಡೆಯ ನಿಂಬೆಗೂ ಹಿತ್ತಲ ಗಜನಿಂಬೆಗೂ ರುಚಿ ಒಂದೇ ಅಲ್ಲ.

ರುಚಿ ನೋಡುವಾಗ ಚಮಚದಿಂದ ನೆಕ್ಕಬೇಡಿ. ಹಾಗೆ ನೋಡಿದರೆ ಯಾವಾಗಲೂ ಉಪ್ಪು, ಹುಳಿ ಅತಿಯಾಯಿತು ಅನ್ನಿಸುತ್ತದೆ. ಒಂದು ಚೂರು ಸೌತೆಕಾಯಿಯನ್ನೋ ಎಲೆಯನ್ನೋ ಅದ್ದಿ ತಿನ್ನಿ. ಹುಳಿ ಜಾಸ್ತಿಯಿದ್ದರೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಕುಲುಕಿ. ಸಪ್ಪೆಯಾದರೆ ನಿಂಬೆಗಿಂತ ಮೊದಲು ಚಿಟಿಕೆ ಉಪ್ಪು ಹಾಕಿ ನೋಡಿ.

ತೊಳೆದ ಸೊಪ್ಪನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿಸಿ. ಒದ್ದೆ ಎಲೆಗೆ ಎಣ್ಣೆ ಹತ್ತುವುದಿಲ್ಲ, ಡ್ರೆಸಿಂಗ್ ಎಲ್ಲ ಜಾರಿ ತಳ ಸೇರುತ್ತದೆ. ಬಡಿಸುವ ಹೊತ್ತಿಗಷ್ಟೇ ಕಲಸಿ. ಇಲ್ಲದಿದ್ದರೆ ಉಪ್ಪಿಗೆ ಸೌತೆಕಾಯಿ ನೀರು ಬಿಟ್ಟು ಸಾರಾಗುತ್ತದೆ. ಮೊಳಕೆ ಹೆಸರುಕಾಳು ಮತ್ತು ಕ್ಯಾರೆಟ್‌ಗೆ ಇದು ಚೆನ್ನ. ಬೇಯಿಸಿದ ಬೀಟ್‌ರೂಟ್‌ಗೆ ಇನ್ನೂ ಚೆನ್ನ. ದೇವನಹಳ್ಳಿಯ ಚಕ್ಕೋತ ಸಿಕ್ಕಿದ ದಿನ ತೊಳೆ ಬಿಡಿಸಿ, ಹುರಿದ ಕಡಲೆಬೀಜ ಸೇರಿಸಿ, ಮೇಲೆ ಇದನ್ನು ಹಾಕುತ್ತೇನೆ. ಅವತ್ತು ನಮ್ಮನೆಯವರೂ ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಹಸಿ ಬೆಳ್ಳುಳ್ಳಿ ಹಾಕುವ ಆಸೆ ಇದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಹೊರಗಿಡುವುದು ಅಪಾಯ. ಫ್ರಿಜ್ಜಿನಿಂದ ತೆಗೆದಾಗ ಎಣ್ಣೆ ಮಂದವಾಗಿ ಕಂಡರೆ ಹತ್ತು ನಿಮಿಷ ಹೊರಗಿಟ್ಟು ಕುಲುಕಿ, ಸರಿಹೋಗುತ್ತದೆ.

ಬಾಟಲಿ ತಳದಲ್ಲಿ ಕೊನೆಗೆ ಎರಡು ಚಮಚ ಉಳಿಯುತ್ತದಲ್ಲ, ಅದಕ್ಕೆ ಅಲ್ಲೇ ಒಂದು ಹಿಡಿ ತೆಳು ಅವಲಕ್ಕಿ, ಸ್ವಲ್ಪ ಕಾಯಿತುರಿ ಹಾಕಿ ಕುಲುಕಿ ಬಟ್ಟಲಿಗೆ ಸುರಿದುಕೊಳ್ಳುತ್ತೇನೆ. ಅದು ನನ್ನ ಪಾಲು, ಮಗಳಿಗೂ ಕೊಡುವುದಿಲ್ಲ.